ಜಲಾವೃತ ಪ್ರದೇಶಗಳಲ್ಲಿ ವಿದ್ಯುದಾಘಾತ: ನೀರಿನ ವಾಹಕತೆಯ ಪಾತ್ರ ಕುರಿತು ಒಂದು ವಿಶ್ಲೇಷಣೆ

(ಹೊಸ ವಿದ್ಯುತ್ ಸಂಪರ್ಕ, ಹೆಚ್ಚುವರಿ ಹೊರೆ ಹಾಗೂ ತಾತ್ಕಾಲಿಕ ಸಂಪರ್ಕಕ್ಕಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

1. ಹಿನ್ನೆಲೆ

ಮಳೆಗಾಲದಲ್ಲಿ ನೀರು ನಿಂತ ಸ್ಥಳಗಳಲ್ಲಿ ವಿದ್ಯುದಾಘಾತದಿಂದ ಸಂಭವಿಸುವ ಸಾವುಗಳು ಇತ್ತೀಚಿನ ವರ್ಷಗಳಲ್ಲಿ ಸಾರ್ವಜನಿಕರ ಗಮನವನ್ನು ಮತ್ತೆ ಮತ್ತೆ ಸೆಳೆದಿವೆ. 2022ರ ಸೆಪ್ಟೆಂಬರ್ ತಿಂಗಳ ಭಾರೀ ಮಳೆಯ ಸಂದರ್ಭದಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಸಮೀಪ, ನೀರು ತುಂಬಿದ ರಸ್ತೆಯಲ್ಲಿ ದ್ವಿಚಕ್ರ ವಾಹನದಲ್ಲಿ ಸಾಗುತ್ತಿದ್ದ ಯುವತಿಯೊಬ್ಬರು ವಾಹನ ಜಾರಿದಾಗ ಕಂಬವೊಂದನ್ನು ಸ್ಪರ್ಶಿಸಿ ಮೃತಪಟ್ಟ ಘಟನೆ ವರದಿಯಾಯಿತು. 2023ರ ಜೂನ್ ತಿಂಗಳಿನಲ್ಲಿ ನವದೆಹಲಿ ರೈಲು ನಿಲ್ದಾಣದ ಆವರಣದಲ್ಲಿಯೂ, 2024ರ ಜುಲೈ ತಿಂಗಳಿನಲ್ಲಿ ದೆಹಲಿಯ ಪಟೇಲ್ ನಗರದ ಜಲಾವೃತ ಬೀದಿಯಲ್ಲಿಯೂ ಇಂಥ ಸಾವುಗಳು ಸಂಭವಿಸಿದವು. ಮೊದಲನೆಯದರಲ್ಲಿ ವಿದ್ಯುತ್ ಕಂಬವೂ ಎರಡನೆಯದರಲ್ಲಿ ಕಬ್ಬಿಣದ ಗೇಟೂ ಸಾವಿಗೆ ಕಾರಣವಾದವು. 2025ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಬಿಟಿಎಂ ಬಡಾವಣೆ ಸಮೀಪದ ವಸತಿ ಸಮುಚ್ಚಯವೊಂದರಲ್ಲಿ, ನೆಲಮಾಳಿಗೆಗೆ ನುಗ್ಗಿದ ಮಳೆನೀರನ್ನು ಮೋಟಾರಿನ ಸಹಾಯದಿಂದ ಹೊರಹಾಕುವ ವೇಳೆ ಹಿರಿಯರೊಬ್ಬರು ಮತ್ತು ಬಾಲಕನೊಬ್ಬ ಪ್ರಾಣ ಕಳೆದುಕೊಂಡರು. ಅದೇ ವರ್ಷದ ಸೆಪ್ಟೆಂಬರ್ 23ರಂದು ಕೋಲ್ಕತ್ತ ನಗರದಲ್ಲಿ ಸುರಿದ ಅಸಾಧಾರಣ ಮಳೆಯಿಂದ ಮೃತಪಟ್ಟವರಲ್ಲಿ ಹೆಚ್ಚಿನವರು ನೀರಿನಲ್ಲಿ ಮುಳುಗಿದವರಲ್ಲ, ವಿದ್ಯುದಾಘಾತಕ್ಕೆ ಒಳಗಾದವರು.

ಈ ಘಟನೆಗಳಲ್ಲಿ ಒಂದು ಸಮಾನ ಅಂಶವಿದೆ. ಎಲ್ಲಿಯೂ ನೀರು ಸಮುದ್ರದ ನೀರಿನಂತೆ ಉಪ್ಪಾಗಿರಲಿಲ್ಲ. ಅದು ಮಳೆಯ ನೀರು. ಉಪ್ಪುನೀರಿನಲ್ಲಿ ಮಾತ್ರ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಮಳೆಯ ನೀರು ಶುದ್ಧವಾದುದರಿಂದ ಅದರಲ್ಲಿ ಅಷ್ಟು ಅಪಾಯವಿಲ್ಲ ಎಂಬ ನಂಬಿಕೆ ಸಾರ್ವಜನಿಕರಲ್ಲಿ ಪ್ರಚಲಿತವಾಗಿದೆ. ಈ ನಂಬಿಕೆ ಅರ್ಧ ಸತ್ಯದ ಮೇಲೆ ನಿಂತಿರುವುದರಿಂದಲೇ ಅಪಾಯಕಾರಿಯಾಗಿದೆ. ನೀರಿನ ವಾಹಕತೆ ಎಂದರೇನು, ಅದು ಆಘಾತದ ತೀವ್ರತೆಯ ಮೇಲೆ ಹೇಗೆ ಪರಿಣಾಮ ಬೀರುತ್ತದೆ ಮತ್ತು ವಿದ್ಯುತ್ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರು ಇದರಿಂದ ಏನನ್ನು ತಿಳಿಯಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ನೀರಿನ ವಾಹಕತೆ ಎಂದರೇನು?

ಸಂಪೂರ್ಣ ಶುದ್ಧವಾದ ನೀರು ವಿದ್ಯುತ್ತಿನ ದುರ್ಬಲ ವಾಹಕ. ನೀರಿನಲ್ಲಿ ಕರಗಿರುವ ಲವಣಗಳು ವಿದ್ಯುದಾವೇಶವುಳ್ಳ ಕಣಗಳಾಗಿ ಬೇರ್ಪಟ್ಟು ವಿದ್ಯುತ್ತನ್ನು ಸಾಗಿಸುತ್ತವೆ. ಆದುದರಿಂದ ಲವಣಾಂಶ ಹೆಚ್ಚಿದಂತೆ ವಾಹಕತೆಯೂ ಹೆಚ್ಚುತ್ತದೆ. ವಾಹಕತೆಯನ್ನು ಪ್ರತಿ ಸೆಂಟಿಮೀಟರಿಗೆ ಇಷ್ಟು ಮೈಕ್ರೋಸೀಮನ್ಸ್ ಎಂದು ಅಳೆಯಲಾಗುತ್ತದೆ. ಕೆಳಗಿನ ಅಂಕಿಗಳನ್ನು ಈ ಮಾನದಲ್ಲಿಯೇ ನೀಡಲಾಗಿದೆ.

ಅ) ಸಂಪೂರ್ಣ ಶುದ್ಧ ನೀರು: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 0.055
ಆ) ಆಕಾಶದಿಂದ ಬೀಳುವ ಮಳೆಯ ನೀರು: ಸಾಮಾನ್ಯವಾಗಿ ಕೆಲವು ಹತ್ತುಗಳು
ಇ) ನದಿ ಮೂಲದ ನಲ್ಲಿ ನೀರು ಮತ್ತು ಸಾಧಾರಣ ಕೊಳವೆಬಾವಿ ನೀರು: ಸುಮಾರು 100ರಿಂದ 1,000ದವರೆಗೆ
ಈ) ಒಣ ಪ್ರದೇಶಗಳ ಉಪ್ಪು ಮಿಶ್ರಿತ ಅಂತರ್ಜಲ: 3,000 ಮತ್ತು ಅದಕ್ಕೂ ಹೆಚ್ಚು
ಉ) ಸಮುದ್ರದ ನೀರು: ಸುಮಾರು 50,000

ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಕಾಣುವ ಟಿಡಿಎಸ್ ಮಾಪಕವು ವಾಸ್ತವವಾಗಿ ಅಳೆಯುವುದು ನೀರಿನ ವಾಹಕತೆಯನ್ನೇ. ಅಳೆದ ವಾಹಕತೆಯನ್ನು ಸುಮಾರು 0.65ರಿಂದ ಗುಣಿಸಿ, ಪ್ರತಿ ಲೀಟರಿನಲ್ಲಿ ಕರಗಿರುವ ಘನಪದಾರ್ಥವನ್ನು ಮಿಲಿಗ್ರಾಂಗಳಲ್ಲಿ ಅದು ತೋರಿಸುತ್ತದೆ. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ 10500ರ ಪ್ರಕಾರ ಈ ಪ್ರಮಾಣ 500 ಮಿಲಿಗ್ರಾಂ ಇರಬಹುದು. ಬೇರೆ ಜಲಮೂಲ ಇಲ್ಲದಿದ್ದಲ್ಲಿ 2,000ದವರೆಗೆ ಅನುಮತಿಯಿದೆ. ಇವು ಸುಮಾರು 770 ಮತ್ತು 3,000 ಮೈಕ್ರೋಸೀಮನ್ಸ್ ವಾಹಕತೆಗೆ ಸಮ. ಹೀಗಾಗಿ ಮನೆಯ ನೀರಿನ ಟಿಡಿಎಸ್ ತಿಳಿದಿರುವ ಯಾವುದೇ ಗ್ರಾಹಕರು ಆ ನೀರಿನ ವಾಹಕತೆಯನ್ನೂ ಅಂದಾಜು ಮಾಡಬಹುದು.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಮಳೆಯ ನೀರು ರಸ್ತೆಗೆ ಬಿದ್ದ ನಂತರ ಮಳೆಯ ನೀರಾಗಿ ಉಳಿಯುವುದಿಲ್ಲ. ಮಣ್ಣು, ಸಿಮೆಂಟ್ ಧೂಳು, ಚರಂಡಿಯ ಕೊಳಚೆ ಇವೆಲ್ಲ ಸೇರಿ ಅದರ ವಾಹಕತೆ ಕೆಲವೇ ನಿಮಿಷಗಳಲ್ಲಿ ಹಲವು ಪಟ್ಟು ಏರುತ್ತದೆ. ಎರಡನೆಯದಾಗಿ, ನೀರಿನ ಉಷ್ಣತೆ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇ. 2ರಷ್ಟು ಏರುತ್ತದೆ. 25 ಡಿಗ್ರಿಯ ತಣ್ಣೀರಿಗಿಂತ 45 ಡಿಗ್ರಿಯ ಸ್ನಾನದ ನೀರು ಸುಮಾರು ಶೇ. 40ರಷ್ಟು ಹೆಚ್ಚು ವಾಹಕವಾಗಿರುತ್ತದೆ.

3. ವಾಹಕತೆಯೊಂದೇ ಅಲ್ಲ, ನೀರಿನ ವಿಸ್ತಾರವೂ ಮುಖ್ಯ

ವಿದ್ಯುತ್ತಿಗೆ ನೀರು ಒಡ್ಡುವ ರೋಧವು ಆ ನೀರಿನ ಗುಣವನ್ನು ಮಾತ್ರವಲ್ಲದೆ, ವಿದ್ಯುತ್ ಸಾಗಬೇಕಾದ ದಾರಿಯ ಉದ್ದ ಮತ್ತು ಅಗಲವನ್ನೂ ಅವಲಂಬಿಸಿದೆ. ಉದಾಹರಣೆಗೆ, 500 ಮೈಕ್ರೋಸೀಮನ್ಸ್ ವಾಹಕತೆಯ ಸಾಧಾರಣ ನೀರನ್ನು ಪರಿಗಣಿಸೋಣ. ಈ ನೀರು ಒಂದು ಚದರ ಸೆಂಟಿಮೀಟರ್ ಒಳ ಅಳತೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ಒಂದು ಮೀಟರ್ ಉದ್ದಕ್ಕೆ ತುಂಬಿಕೊಂಡಿದ್ದರೆ ಅದರ ರೋಧ ಸುಮಾರು 2 ಲಕ್ಷ ಓಮ್. 230 ವೋಲ್ಟ್ ಒತ್ತಡದಲ್ಲಿ ಇದರ ಮೂಲಕ ಹರಿಯುವುದು ಒಂದು ಮಿಲಿ ಆಂಪಿಯರಿಗಿಂತ ತುಸು ಹೆಚ್ಚು ಮಾತ್ರ. ಇದು ಜುಮ್ಮೆನ್ನಿಸಬಹುದೇ ಹೊರತು ಕೊಲ್ಲಲಾರದು.

ಅದೇ ನೀರು ರಸ್ತೆಯಲ್ಲಿ ಹತ್ತು ಸೆಂಟಿಮೀಟರ್ ಆಳಕ್ಕೆ ನಿಂತಿದ್ದರೆ, ಒಂದು ಮೀಟರ್ ಅಗಲ ಮತ್ತು ಒಂದು ಮೀಟರ್ ಉದ್ದದ ಭಾಗದ ರೋಧ ಕೇವಲ 200 ಓಮ್. ನೀರು ಬದಲಾಗಿಲ್ಲ; ದಾರಿ ಸಾವಿರ ಪಟ್ಟು ಅಗಲವಾಗಿದೆ. 20 ಮೈಕ್ರೋಸೀಮನ್ಸ್ ವಾಹಕತೆಯ, ಬಹುಮಟ್ಟಿಗೆ ಶುದ್ಧವಾದ ಮಳೆಯ ನೀರೇ ಅಷ್ಟು ಆಳಕ್ಕೆ ನಿಂತಿದ್ದರೂ ಈ ರೋಧ 5,000 ಓಮ್ ಮಾತ್ರ. ಅದರ ಮೂಲಕ 230 ವೋಲ್ಟ್ ಒತ್ತಡವು 46 ಮಿಲಿ ಆಂಪಿಯರ್ ಪ್ರವಾಹವನ್ನು ಹರಿಸಬಲ್ಲದು. ಪ್ರಾಣಾಪಾಯಕ್ಕೆ ಇಷ್ಟು ಸಾಕು.

ಮೇಲಿನ ಲೆಕ್ಕಗಳು ವಿಷಯವನ್ನು ಸರಳವಾಗಿ ತಿಳಿಸಲು ಮಾಡಿದ ಅಂದಾಜುಗಳು. ವಾಸ್ತವದಲ್ಲಿ ಕಂಬ ಅಥವಾ ಪೆಟ್ಟಿಗೆಯಿಂದ ನೀರಿಗೆ ಸೇರಿದ ವಿದ್ಯುತ್ ಎಲ್ಲ ದಿಕ್ಕುಗಳಿಗೂ ಹರಡುತ್ತದೆ. ಮೂಲದ ಹತ್ತಿರ ವೋಲ್ಟೇಜ್ ತೀವ್ರವಾಗಿ ಬದಲಾಗುತ್ತದೆ. ದೂರ ಹೋದಂತೆ ಆ ಬದಲಾವಣೆ ಕ್ಷೀಣಿಸುತ್ತದೆ. ಹತ್ತು ಮೀಟರ್ ದೂರದಲ್ಲಿ ಏನೂ ಅನುಭವಕ್ಕೆ ಬಾರದ ವ್ಯಕ್ತಿಗೆ ಕಂಬದ ಸನಿಹದಲ್ಲಿ ಮಾರಣಾಂತಿಕ ಆಘಾತವಾಗುವುದು ಈ ಕಾರಣದಿಂದ. ನೀರಿನಲ್ಲಿ ನಡೆದು ಬಂದಾಗ ಏನೂ ಆಗಲಿಲ್ಲ ಎಂಬುದು ಮುಂದಿನ ಹೆಜ್ಜೆಗೆ ಖಾತರಿಯಾಗದು.

4. ಒದ್ದೆಯಾದ ಶರೀರದಲ್ಲಿ ಆಗುವ ಬದಲಾವಣೆ

ಮಾನವ ಶರೀರದ ಒಳಭಾಗವು ರಕ್ತ ಮತ್ತು ಲವಣಯುಕ್ತ ದ್ರವಗಳಿಂದ ಕೂಡಿದ್ದು ಉತ್ತಮ ವಾಹಕವಾಗಿದೆ. ವಿದ್ಯುತ್ತಿಗೆ ಅಡ್ಡಿಯಾಗಿ ನಿಲ್ಲುವುದು ಮುಖ್ಯವಾಗಿ ಒಣಗಿದ ಹೊರಚರ್ಮ. ಬೆರಳ ತುದಿಯಷ್ಟು ಸಣ್ಣ ಜಾಗ ಮಾತ್ರ ತಗುಲಿದಾಗ ಒಣ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಹುದು. ನೀರು ಈ ರಕ್ಷಣೆಯನ್ನು ಮೂರು ರೀತಿಯಲ್ಲಿ ಕಿತ್ತುಕೊಳ್ಳುತ್ತದೆ.

ಅ) ಚರ್ಮದ ರಂಧ್ರಗಳಲ್ಲಿ ನೀರು ಸೇರಿ ಅದರ ರೋಧ ಕುಸಿಯುತ್ತದೆ.
ಆ) ಸ್ಪರ್ಶದ ವಿಸ್ತೀರ್ಣ ಹೆಚ್ಚುತ್ತದೆ. ನೀರಿನಲ್ಲಿ ಮುಳುಗಿದ ಪಾದದ ಎಲ್ಲ ಭಾಗವೂ ಸಂಪರ್ಕಬಿಂದುವಾಗುತ್ತದೆ.
ಇ) ಒಣ ಪಾದರಕ್ಷೆ ಮತ್ತು ಒಣ ನೆಲದಿಂದ ದೊರೆಯುತ್ತಿದ್ದ ತಡೆ ಇಲ್ಲವಾಗುತ್ತದೆ.

ಈ ಮೂರೂ ಕೂಡಿದಾಗ ಕೈಯಿಂದ ಕಾಲಿನವರೆಗಿನ ರೋಧ ಸುಮಾರು 1,000 ಓಮ್‌ಗೆ ಇಳಿಯುತ್ತದೆ. ಕೆಲವು ಸಂದರ್ಭಗಳಲ್ಲಿ ಅದಕ್ಕೂ ಕಡಿಮೆ. 230 ವೋಲ್ಟ್ ಒತ್ತಡದಲ್ಲಿ ಇಂಥ ಶರೀರದ ಮೂಲಕ ಸುಮಾರು 230 ಮಿಲಿ ಆಂಪಿಯರ್ ಹರಿಯಬಹುದು. ಇದರ ಅರ್ಥವನ್ನು ಕೆಳಗಿನ ಪ್ರಮಾಣಗಳಿಂದ ತಿಳಿಯಬಹುದು.

- ಸುಮಾರು 0.5 ಮಿಲಿ ಆಂಪಿಯರ್: ಸ್ಪರ್ಶದ ಅನುಭವ ಮಾತ್ರ
- ಸುಮಾರು 10 ಮಿಲಿ ಆಂಪಿಯರ್: ಸ್ನಾಯುಗಳು ಬಿಗಿದುಕೊಂಡು, ಹಿಡಿದ ವಸ್ತುವನ್ನು ಬಿಡಲಾಗದ ಸ್ಥಿತಿ
- ಸುಮಾರು 30 ಮಿಲಿ ಆಂಪಿಯರ್: ಉಸಿರಾಟಕ್ಕೆ ತೊಂದರೆ, ಪ್ರಾಣಾಪಾಯದ ಆರಂಭ
- 50 ಮಿಲಿ ಆಂಪಿಯರ್ ಮತ್ತು ಹೆಚ್ಚು, ಒಂದು ಸೆಕೆಂಡ್ ಅಥವಾ ಅದಕ್ಕಿಂತ ದೀರ್ಘಕಾಲ: ಹೃದಯ ಲಯ ತಪ್ಪಿ ಅದುರಿ, ರಕ್ತಸಂಚಾರ ನಿಲ್ಲುವ ಸಂಭವ

ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60479 ಸರಣಿಯ ದಾಖಲೆಗಳು ಶರೀರದ ರೋಧವನ್ನು ಒಣ ಸ್ಥಿತಿ, ಸಾದಾ ನೀರಿನಿಂದ ಒದ್ದೆಯಾದ ಸ್ಥಿತಿ ಮತ್ತು ಉಪ್ಪುನೀರಿನಿಂದ ಒದ್ದೆಯಾದ ಸ್ಥಿತಿ ಎಂದು ಮೂರಾಗಿ ವಿಂಗಡಿಸಿವೆ. ಉಪ್ಪುನೀರಿನಿಂದ ಒದ್ದೆಯಾದ ಚರ್ಮದ ರೋಧ ಅತ್ಯಂತ ಕಡಿಮೆ. ಬೆವರು ಮತ್ತು ಸಾಬೂನು ನೀರು ಕೂಡ ಇದೇ ದಿಕ್ಕಿನಲ್ಲಿ ಪರಿಣಾಮ ಬೀರುತ್ತವೆ. ಆದುದರಿಂದ ವಿದ್ಯುತ್ ಸೋರುವ ವಸ್ತುವನ್ನು ಒದ್ದೆ ಕೈಯಿಂದ ಮುಟ್ಟುವ ಸಂದರ್ಭದಲ್ಲಿ, ಲವಣಾಂಶ ಹೆಚ್ಚಿದಷ್ಟೂ ಆಘಾತ ತೀವ್ರ ಎಂಬ ತಿಳುವಳಿಕೆ ಸರಿಯಾಗಿದೆ. ಆದರೆ ವ್ಯಕ್ತಿಯು ನೀರಿನೊಳಗೇ ಇರುವಾಗ ಪರಿಸ್ಥಿತಿ ಬೇರೆಯಾಗುತ್ತದೆ.

5. ಸಿಹಿನೀರು ಏಕೆ ಹೆಚ್ಚು ಅಪಾಯಕಾರಿಯಾಗಬಲ್ಲದು?

ಶರೀರದ ಒಳ ಅಂಗಾಂಶಗಳ ವಾಹಕತೆ, ಅಂಗಾಂಶಕ್ಕೆ ಅನುಗುಣವಾಗಿ, ಪ್ರತಿ ಸೆಂಟಿಮೀಟರಿಗೆ ಸುಮಾರು 2,000ದಿಂದ 7,000 ಮೈಕ್ರೋಸೀಮನ್ಸ್ ಎಂದು ಅಂದಾಜಿಸಲಾಗಿದೆ. ಇದು ಕೆರೆ, ಹೊಂಡ ಅಥವಾ ಸಂಪ್‌ನ ಸಿಹಿನೀರಿಗಿಂತ ಹಲವು ಪಟ್ಟು ಹೆಚ್ಚು. ಸಮುದ್ರದ ನೀರಿಗಿಂತ ಹಲವು ಪಟ್ಟು ಕಡಿಮೆ.

ವಿದ್ಯುತ್ ಸೋರುತ್ತಿರುವ ಸಿಹಿನೀರಿನಲ್ಲಿ ವ್ಯಕ್ತಿಯೊಬ್ಬರು ಇಳಿದರೆ, ಸುತ್ತಲಿನ ನೀರಿಗಿಂತ ಅವರ ಶರೀರವೇ ಉತ್ತಮ ವಾಹಕ. ಹರಡಿ ಹೋಗುತ್ತಿದ್ದ ವಿದ್ಯುತ್ ಶರೀರದತ್ತ ಸೆಳೆಯಲ್ಪಟ್ಟು ಅದರ ಮೂಲಕ ಹಾದುಹೋಗುತ್ತದೆ. ಸಮುದ್ರದ ನೀರಿನಲ್ಲಿ ನೀರೇ ಉತ್ತಮ ವಾಹಕವಾದ ಕಾರಣ ವಿದ್ಯುತ್ತಿನ ಹೆಚ್ಚಿನ ಭಾಗ ಶರೀರವನ್ನು ಬಳಸಿಕೊಂಡು ಹೊರಗಿನಿಂದಲೇ ಸಾಗುತ್ತದೆ. ಅಮೆರಿಕದಲ್ಲಿ ದೋಣಿತಾಣಗಳ ಬಳಿ ಈಜುವವರಿಗೆ ಸಂಭವಿಸಿದ ಇಂಥ ಸಾವುಗಳು ಬಹುಪಾಲು ಸಿಹಿನೀರಿನ ಸರೋವರ ಮತ್ತು ನದಿಗಳಲ್ಲಿ ದಾಖಲಾಗಿರುವುದು ಇದೇ ಕಾರಣದಿಂದ. ಅಲ್ಪ ಪ್ರಮಾಣದ ವಿದ್ಯುತ್ ಸ್ನಾಯುಗಳನ್ನು ನಿಶ್ಚಲಗೊಳಿಸುವುದರಿಂದ ವ್ಯಕ್ತಿ ಈಜಲಾಗದೆ ಮುಳುಗುತ್ತಾರೆ. ಶರೀರದ ಮೇಲೆ ಸುಟ್ಟ ಗುರುತುಗಳು ಇರದ ಕಾರಣ ಇದನ್ನು ಸಾಮಾನ್ಯ ಮುಳುಗಡೆ ಎಂದೇ ತಿಳಿಯುವ ಸಂಭವವಿರುತ್ತದೆ.

ಕೃಷಿ ಹೊಂಡ, ತೆರೆದ ಬಾವಿ ಮತ್ತು ಸಂಪ್‌ಗಳಲ್ಲಿ ನೀರಿನೊಳಗಿನ ಪಂಪ್ ಬಳಸುವ ರೈತರು ಹಾಗೂ ಮನೆ ಮಾಲೀಕರಿಗೆ ಈ ಅಂಶ ನೇರವಾಗಿ ಅನ್ವಯಿಸುತ್ತದೆ. ಪಂಪ್ ಚಾಲನೆಯಲ್ಲಿರುವಾಗ ಅಥವಾ ಅದರ ವಿದ್ಯುತ್ ಸಂಪರ್ಕ ಕಡಿತಗೊಳಿಸದೆ ನೀರಿಗೆ ಇಳಿಯಕೂಡದು. ಹಾಗೆಂದು ಸಮುದ್ರದ ನೀರು ಸುರಕ್ಷಿತ ಎಂಬ ತೀರ್ಮಾನಕ್ಕೂ ಬರಬಾರದು. ಉಪ್ಪುನೀರಿನಿಂದ ತೊಯ್ದ ವ್ಯಕ್ತಿ ದಡಕ್ಕೆ ಬಂದು ದೋಷಪೂರಿತ ಉಪಕರಣವನ್ನು ಮುಟ್ಟಿದರೆ ಆಘಾತ ಅತ್ಯಂತ ತೀವ್ರವಾಗಿರುತ್ತದೆ.

6. ಫ್ಯೂಸ್‌ಗೆ ಅಲ್ಪ, ಹೃದಯಕ್ಕೆ ಅಧಿಕ

ವಿದ್ಯುತ್ ಸೋರಿದರೆ ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ ತಾನಾಗಿಯೇ ಕೆಳಗೆ ಬೀಳುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ಈ ಸಾಧನಗಳನ್ನು ತಂತಿಗಳು ಕಾದು ಸುಡದಂತೆ ತಡೆಯಲು ರೂಪಿಸಲಾಗಿದೆ. ಮನೆಯ ದೀಪದ ಮಂಡಲದಲ್ಲಿ ಸಾಮಾನ್ಯವಾಗಿರುವ 6 ಆಂಪಿಯರ್ ಎಂಸಿಬಿ, 6,000 ಮಿಲಿ ಆಂಪಿಯರ್ ಮೀರುವವರೆಗೆ ಸುಮ್ಮನಿರುತ್ತದೆ. ಹೃದಯದ ಲಯ ತಪ್ಪಿಸಲು ಅದರ ನೂರನೆಯ ಒಂದು ಭಾಗವೂ ಬೇಕಿಲ್ಲ.

ಮೇಲೆ ಹೇಳಿದ ಅಳತೆಯ ನಿಂತ ನೀರಿನ ವಾಹಕತೆ 2,000 ಮೈಕ್ರೋಸೀಮನ್ಸ್ ಇದ್ದರೂ ಅದರ ರೋಧ 50 ಓಮ್. ಹರಿಯುವ ಪ್ರವಾಹ 4.6 ಆಂಪಿಯರ್. ಆಗಲೂ 6 ಆಂಪಿಯರ್ ಎಂಸಿಬಿ ಬೀಳುವುದಿಲ್ಲ. ಮಳೆ, ನಲ್ಲಿ ಮತ್ತು ಕೊಳವೆಬಾವಿಗಳ ನೀರು ಎಂಸಿಬಿಯನ್ನು ಬೀಳಿಸುವಷ್ಟು ಉತ್ತಮ ವಾಹಕವಲ್ಲ; ಆದರೆ ಮನುಷ್ಯನನ್ನು ಕೊಲ್ಲಲು ಸಾಕಾಗುವಷ್ಟು ವಾಹಕ. ಈ ಎರಡು ಮಿತಿಗಳ ನಡುವಿನ ಅಂತರದಲ್ಲಿಯೇ ಜಲಾವೃತ ಪ್ರದೇಶದ ಸಾವುಗಳು ಸಂಭವಿಸುತ್ತವೆ. ವಿದ್ಯುತ್ ಸೋರುತ್ತಲೇ ಇರುತ್ತದೆ, ದೀಪ ಉರಿಯುತ್ತಲೇ ಇರುತ್ತದೆ, ಯಾರಾದರೂ ಮುಟ್ಟುವವರೆಗೆ ದೋಷ ತಿಳಿಯುವುದಿಲ್ಲ.

ಈ ಅಂತರವನ್ನು ತುಂಬಲೆಂದೇ ಆರ್‌ಸಿಸಿಬಿ ಎಂಬ ಸಾಧನವಿದೆ. ಇದನ್ನು ರೂಢಿಯಲ್ಲಿ ಇಎಲ್‌ಸಿಬಿ ಎಂದೂ ಕರೆಯಲಾಗುತ್ತದೆ. ಹೋದ ವಿದ್ಯುತ್ ಮತ್ತು ಮರಳಿ ಬಂದ ವಿದ್ಯುತ್ ಸಮವಾಗಿವೆಯೇ ಎಂದು ಇದು ನಿರಂತರವಾಗಿ ಹೋಲಿಸುತ್ತಿರುತ್ತದೆ. ವ್ಯತ್ಯಾಸವು 30 ಮಿಲಿ ಆಂಪಿಯರ್ ತಲುಪಿದರೆ, ಅಂದರೆ ಅಷ್ಟು ವಿದ್ಯುತ್ ಬೇರೆ ದಾರಿಯಿಂದ ಭೂಮಿಗೆ ಸೋರಿದರೆ, ಮಾನಕದ ಪ್ರಕಾರ 0.3 ಸೆಕೆಂಡಿನೊಳಗೆ ಸರಬರಾಜನ್ನು ಕಡಿತಗೊಳಿಸಬೇಕು. ಸೋರಿಕೆ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ.

ಈ ಸಾಧನಕ್ಕೂ ಮಿತಿಗಳಿವೆ. ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡನ್ನೂ ಒಮ್ಮೆಗೆ ಮುಟ್ಟಿದ ವ್ಯಕ್ತಿಯ ಮೂಲಕ ವಿದ್ಯುತ್ ಭೂಮಿಗೆ ಸೋರದಿದ್ದರೆ ಇದು ಗುರುತಿಸದು. ಮನೆಯಲ್ಲಿ ಅಳವಡಿಸಿದ ಸಾಧನ ಬೀದಿಯ ಕಂಬದ ದೋಷಕ್ಕೆ ರಕ್ಷಣೆ ನೀಡದು. ಭೂಸಂಪರ್ಕಕ್ಕೆ ಇದು ಬದಲಿಯೂ ಅಲ್ಲ. ಅರ್ಥಿಂಗ್ ಸರಿಯಾಗಿದ್ದರೆ ಉಪಕರಣದ ಲೋಹದ ಕವಚಕ್ಕೆ ವಿದ್ಯುತ್ ಸೋರಿದ ಕೂಡಲೇ, ಮನುಷ್ಯ ಮುಟ್ಟುವ ಮೊದಲೇ, ಸಾಧನ ಕೆಲಸ ಮಾಡುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಮನುಷ್ಯ ಮುಟ್ಟಿದ ನಂತರವಷ್ಟೇ ಕೆಲಸ ಮಾಡುತ್ತದೆ.

7. ರಾಜ್ಯದ ಸಂದರ್ಭದಲ್ಲಿ ಗಮನಾರ್ಹ ಅಂಶಗಳು

ಅ) ಗಡಸು ನೀರು ಮತ್ತು ಗೀಸರ್: ಬಯಲುಸೀಮೆಯ ಅನೇಕ ಊರುಗಳಲ್ಲಿ ಕೊಳವೆಬಾವಿಯ ಗಡಸು ನೀರನ್ನೇ ಬಳಸಲಾಗುತ್ತದೆ. ಗೀಸರ್ ಮತ್ತು ನೀರು ಕಾಯಿಸುವ ರಾಡ್‌ಗಳ ಮೇಲೆ ಸುಣ್ಣದ ಪದರ ಕಟ್ಟಿ, ಕಾಲಕ್ರಮೇಣ ಅವುಗಳ ಲೋಹದ ಹೊದಿಕೆ ಸೀಳುತ್ತದೆ. ಆಗ ಒಳಗಿನ ವಿದ್ಯುತ್ ನೇರವಾಗಿ ನೀರಿಗೆ ಸೇರುತ್ತದೆ. ಬಿಸಿಯಾದ ಲವಣಯುಕ್ತ ನೀರು, ಒದ್ದೆ ಶರೀರ ಮತ್ತು ಬರಿಗಾಲು ಒಂದೆಡೆ ಸೇರುವ ಸ್ಥಳ ಸ್ನಾನದ ಮನೆ. ನೀರು ಕಾದಿದೆಯೇ ಎಂದು ರಾಡ್ ಚಾಲನೆಯಲ್ಲಿರುವಾಗಲೇ ಬಕೆಟ್‌ನಲ್ಲಿ ಬೆರಳಿಟ್ಟು ನೋಡುವ ಅಭ್ಯಾಸವನ್ನು ಸಂಪೂರ್ಣವಾಗಿ ಕೈಬಿಡಬೇಕು.

ಆ) ಕರಾವಳಿಯ ಉಪ್ಪು: ಸಮುದ್ರದ ಗಾಳಿಯಿಂದ ವಿದ್ಯುತ್ ಮಾರ್ಗಗಳ ಪಿಂಗಾಣಿ ನಿರೋಧಕಗಳ ಮೇಲೆ ಬೇಸಿಗೆಯುದ್ದಕ್ಕೂ ಉಪ್ಪು ಸಂಗ್ರಹವಾಗುತ್ತದೆ. ಒಣಗಿರುವಾಗ ಇದರಿಂದ ತೊಂದರೆಯಿಲ್ಲ. ಮೊದಲ ತುಂತುರು ಮಳೆ ಅದನ್ನು ಕರಗಿಸಿ ವಾಹಕ ಪದರವನ್ನಾಗಿಸುತ್ತದೆ. ಜೋರು ಮಳೆ ಉಪ್ಪನ್ನು ತೊಳೆದುಬಿಡುವುದರಿಂದ, ಮಳೆಗಾಲದ ಆರಂಭದ ಹನಿಗಳಲ್ಲಿ ಸೋರಿಕೆಯ ಸಂಭವ ಹೆಚ್ಚು. 2024ರ ಜೂನ್ ತಿಂಗಳ ಕೊನೆಯ ವಾರದಲ್ಲಿ ಮಂಗಳೂರಿನಲ್ಲಿ ಮಳೆಯ ನಡುವೆ ತುಂಡಾಗಿ ಬಿದ್ದ ತಂತಿಯಿಂದ ಇಬ್ಬರು ಆಟೋರಿಕ್ಷಾ ಚಾಲಕರು ಮೃತಪಟ್ಟರು. ಕಾರಣ ಯಾವುದೇ ಇರಲಿ, ಬಿದ್ದ ತಂತಿಯಲ್ಲಿ ವಿದ್ಯುತ್ ಇದೆ ಎಂದೇ ಭಾವಿಸಿ ವರ್ತಿಸಬೇಕೆಂಬುದನ್ನು ಈ ಘಟನೆ ನೆನಪಿಸುತ್ತದೆ.

ಇ) ಕೃಷಿ ಪಂಪ್‌ಸೆಟ್: ನೀರು ಹಾಯಿಸಿದ ಹೊಲದಲ್ಲಿ ಬರಿಗಾಲಲ್ಲಿ ನಿಂತು, ಒದ್ದೆ ಕೈಯಿಂದ ಲೋಹದ ಸ್ಟಾರ್ಟರ್ ಪೆಟ್ಟಿಗೆಯನ್ನು ಮುಟ್ಟುವುದು ನಾಲ್ಕನೇ ವಿಭಾಗದಲ್ಲಿ ಹೇಳಿದ ಮೂರೂ ಪರಿಸ್ಥಿತಿಗಳನ್ನು ಒಟ್ಟುಗೂಡಿಸುತ್ತದೆ. ಗೊಬ್ಬರ ಬೆರೆತ ನೀರಿನ ವಾಹಕತೆ ಇನ್ನೂ ಹೆಚ್ಚು. ಪೆಟ್ಟಿಗೆಗೆ ಪ್ರತ್ಯೇಕ ಭೂಸಂಪರ್ಕ ಮತ್ತು ಕಾಲಡಿಯಲ್ಲಿ ಒಣ ಮರದ ಹಲಗೆ ಇರಬೇಕು.

ಈ) ಅರ್ಥಿಂಗ್ ಗುಂಡಿ: ಭೂಸಂಪರ್ಕದ ಗುಂಡಿಗೆ ಉಪ್ಪು ಮತ್ತು ಇದ್ದಿಲು ಹಾಕಿ ಬೇಸಿಗೆಯಲ್ಲಿ ನೀರುಣಿಸುವ ಪದ್ಧತಿಯ ಹಿಂದಿರುವುದೂ ಇದೇ ತತ್ವ. ಲವಣಯುಕ್ತ ತೇವವು ಮಣ್ಣಿನ ರೋಧವನ್ನು ಇಳಿಸಿ, ಸೋರಿದ ವಿದ್ಯುತ್ತಿಗೆ ಮನುಷ್ಯ ಶರೀರಕ್ಕಿಂತ ಸುಲಭವಾದ ದಾರಿಯನ್ನು ಒದಗಿಸುತ್ತದೆ. ಒಣಗಿ ಬಿರುಕು ಬಿಟ್ಟ ಗುಂಡಿಯಿಂದ ಈ ಪ್ರಯೋಜನ ದೊರೆಯುವುದಿಲ್ಲ.

8. ಕಾನೂನಿನ ಸ್ಥಿತಿ

ವಿದ್ಯುತ್ ಕಾಯ್ದೆ, 2003ರ 53ನೇ ಪ್ರಕರಣದಡಿ ಸುರಕ್ಷತಾ ಕ್ರಮಗಳನ್ನು ನಿಗದಿಪಡಿಸಲು ಅವಕಾಶವಿದೆ. ಅದರಂತೆ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಹೊರಡಿಸಿದ್ದ ವಿನಿಯಮಗಳ ಬದಲಿಗೆ 2023ರಲ್ಲಿ ಹೊಸ ಸುರಕ್ಷತಾ ವಿನಿಯಮಗಳನ್ನು ಜಾರಿಗೆ ತಂದಿದೆ. ಇವುಗಳ ಪ್ರಕಾರ 2 ಕಿಲೋವ್ಯಾಟ್ ಮತ್ತು ಅದಕ್ಕೂ ಹೆಚ್ಚಿನ ಗೃಹಬಳಕೆ ಸ್ಥಾವರಗಳಲ್ಲಿ 30 ಮಿಲಿ ಆಂಪಿಯರ್ ಮೀರದ ಸೋರಿಕೆಯಲ್ಲಿ ಕಡಿತಗೊಳಿಸುವ ಸಾಧನ ಇರತಕ್ಕದ್ದು. ಭೂಸಂಪರ್ಕಕ್ಕೆ ಭಾರತೀಯ ಮಾನಕ 3043 ಹಾಗೂ ಒಳಾಂಗಣ ವೈರಿಂಗ್‌ಗೆ ಭಾರತೀಯ ಮಾನಕ 732 ಅನ್ವಯಿಸುತ್ತವೆ.

ಸಣ್ಣ ಮನೆಗಳಿಗೆ ಕಡ್ಡಾಯವಲ್ಲ ಎಂಬುದನ್ನು ಅಗತ್ಯವಿಲ್ಲ ಎಂದು ಅರ್ಥೈಸಬಾರದು. ಒಂದೇ ಬಲ್ಬು ಮತ್ತು ಒಂದು ನೀರು ಕಾಯಿಸುವ ರಾಡ್ ಇರುವ ಮನೆಯಲ್ಲಿಯೂ ವೋಲ್ಟೇಜ್ 230 ಆಗಿರುತ್ತದೆ. ನೀರಿಗೆ ಮಂಜೂರಾದ ಹೊರೆಯ ಅರಿವಿರುವುದಿಲ್ಲ.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(1) ವೈರಿಂಗ್ ಕೆಲಸವನ್ನು ಪರವಾನಗಿ ಹೊಂದಿರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ವೈರಿಂಗ್ ಪೂರ್ಣತಾ ವರದಿಗೆ ಸಹಿ ಮಾಡುವ ಮೊದಲು ಭೂಸಂಪರ್ಕದ ರೋಧವನ್ನು ತಮ್ಮೆದುರಿನಲ್ಲಿಯೇ ಅಳೆಯುವಂತೆ ಕೋರಬಹುದು.

(2) ಆರ್‌ಸಿಸಿಬಿ ಸಾಧನವು 30 ಮಿಲಿ ಆಂಪಿಯರ್‌ನದ್ದೇ ಎಂಬುದನ್ನು ಅದರ ಮೇಲಿನ ಮುದ್ರಣದಿಂದ ಖಚಿತಪಡಿಸಿಕೊಳ್ಳಬೇಕು. ಭಾರತೀಯ ಮಾನಕ ಗುರುತು ಇರುವ ಸಾಧನವನ್ನೇ ಖರೀದಿಸಬೇಕು. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು ಸೂಕ್ತ. ಒತ್ತಿದಾಗ ಸರಬರಾಜು ಕಡಿತವಾಗದಿದ್ದರೆ ಸಾಧನವನ್ನು ಬದಲಾಯಿಸಬೇಕು.

(3) ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಎಂಬ ಕಾರಣಕ್ಕೆ ಅದನ್ನು ತೆಗೆದು ನೇರ ಸಂಪರ್ಕ ಕೊಡಿಸಬಾರದು. ಬೀಳುತ್ತಿದೆ ಎಂದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಮಳೆ ಬಂದಾಗ ಮಾತ್ರ ಬೀಳುತ್ತಿದ್ದರೆ ಗೋಡೆಯ ತೇವ ಅಥವಾ ಹೊರಾಂಗಣದ ದೀಪಗಳನ್ನು ಪರಿಶೀಲಿಸಬೇಕು.

(4) ತಗ್ಗು ಪ್ರದೇಶದ ಕಟ್ಟಡಗಳಲ್ಲಿ ಮಾಪಕ ಫಲಕ ಮತ್ತು ಮುಖ್ಯ ಸ್ವಿಚ್‌ಗಳನ್ನು ನೆಲಮಾಳಿಗೆಯಲ್ಲಿ ಅಳವಡಿಸದೆ, ಹಿಂದಿನ ವರ್ಷಗಳಲ್ಲಿ ನೀರು ಏರಿದ ಮಟ್ಟಕ್ಕಿಂತ ಮೇಲೆ ಸ್ಥಳ ಗುರುತಿಸುವುದು ಉತ್ತಮ. ಸಂಪರ್ಕ ಪಡೆದ ನಂತರ ಸ್ಥಳಾಂತರಿಸುವುದು ಕಷ್ಟಕರವಾದುದರಿಂದ ಅರ್ಜಿಯ ಹಂತದಲ್ಲಿಯೇ ಈ ಬಗ್ಗೆ ನಿರ್ಧರಿಸಬೇಕು.

(5) ಜಾತ್ರೆ, ಉತ್ಸವ, ಮದುವೆ ಚಪ್ಪರ ಹಾಗೂ ಕಟ್ಟಡ ನಿರ್ಮಾಣಕ್ಕಾಗಿ ತಾತ್ಕಾಲಿಕ ಸಂಪರ್ಕ ಪಡೆಯುವವರು ತಂತಿಗಳನ್ನು ನೆಲದ ಮೇಲೆ ಹಾಯಿಸಬಾರದು. ಜೋಡಣೆಗಳು ನೀರು ತಾಗದ ಎತ್ತರದಲ್ಲಿರಬೇಕು. ಸೋರಿಕೆ ಕಡಿತ ಸಾಧನವಿಲ್ಲದೆ ನೀರೆತ್ತುವ ಮೋಟಾರ್ ಬಳಸಬಾರದು.

(6) ಕಟ್ಟಡಕ್ಕೆ ನೀರು ನುಗ್ಗಿದಲ್ಲಿ, ನೀರಿಗೆ ಇಳಿಯುವ ಮೊದಲು, ಒಣ ಜಾಗದಲ್ಲಿ ನಿಂತು ಮುಖ್ಯ ಸ್ವಿಚ್ ಆರಿಸಬೇಕು. ಅದು ಸಾಧ್ಯವಿಲ್ಲದಿದ್ದರೆ 1912 ಸಂಖ್ಯೆಗೆ ಕರೆ ಮಾಡಿ ಸರಬರಾಜು ಕಡಿತಗೊಳಿಸುವಂತೆ ಕೋರಬೇಕು. ಮುಖ್ಯ ಸ್ವಿಚ್ ಆರಿಸಿದ ಮೇಲೂ ಇನ್ವರ್ಟರ್ 230 ವೋಲ್ಟ್ ನೀಡುತ್ತಿರುತ್ತದೆ ಎಂಬುದನ್ನು ಮರೆಯದೆ ಅದನ್ನೂ ಪ್ರತ್ಯೇಕವಾಗಿ ಆರಿಸಬೇಕು.

(7) ನೀರು ನಿಂತ ಬೀದಿಯಲ್ಲಿ ಕಂಬ, ಕಂಬದ ಆಧಾರ ತಂತಿ, ಪರಿವರ್ತಕದ ಬೇಲಿ, ಬೀದಿದೀಪದ ಪೆಟ್ಟಿಗೆ ಮತ್ತು ಕಬ್ಬಿಣದ ಗೇಟುಗಳನ್ನು ಆಸರೆಗಾಗಿ ಹಿಡಿಯಬಾರದು. ಕಾಲಿನಲ್ಲಿ ಜುಮ್ಮೆಂದ ಅನುಭವವಾದರೆ ಮುಂದೆ ಹೋಗದೆ, ಪಾದಗಳನ್ನು ಹತ್ತಿರವಿಟ್ಟುಕೊಂಡು ಸಣ್ಣ ಹೆಜ್ಜೆಗಳಲ್ಲಿ ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ತುಂಡಾಗಿ ಬಿದ್ದ ತಂತಿಯಿಂದ ಕನಿಷ್ಠ ಹತ್ತು ಮೀಟರ್ ದೂರವಿರಬೇಕು.

10. ಅಪಘಾತ ಸಂಭವಿಸಿದಲ್ಲಿ

ಆಘಾತಕ್ಕೆ ಒಳಗಾದವರನ್ನು ನೇರವಾಗಿ ಮುಟ್ಟಬಾರದು. ರಕ್ಷಿಸಲು ಹೋದವರೂ ಅದೇ ನೀರಿನಲ್ಲಿ ನಿಂತಿರುತ್ತಾರೆ. ಮೊದಲು ವಿದ್ಯುತ್ ಸರಬರಾಜು ಕಡಿತವಾಗಬೇಕು. ಮನೆಯ ಸಂಪರ್ಕದಲ್ಲಿ ಅದು ಕೂಡಲೇ ಸಾಧ್ಯವಾಗದಿದ್ದರೆ, ಒಣ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದ ಬೇರ್ಪಡಿಸಬಹುದು. ಹೆಚ್ಚಿನ ಒತ್ತಡದ ತಂತಿಯಾಗಿದ್ದಲ್ಲಿ ಇದನ್ನೂ ಮಾಡಕೂಡದು. ಸರಬರಾಜು ನಿಲ್ಲುವವರೆಗೆ ದೂರವಿರಬೇಕು. ಉಸಿರಾಟ ನಿಂತಿದ್ದರೆ ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಒತ್ತುವ ಮೂಲಕ ಹೃದಯ ಪುನಶ್ಚೇತನ ಚಿಕಿತ್ಸೆಯನ್ನು ತಡಮಾಡದೆ ಆರಂಭಿಸಿ, 108 ಅಥವಾ 112 ಸಂಖ್ಯೆಗೆ ಕರೆ ಮಾಡಬೇಕು. ಹೊರನೋಟಕ್ಕೆ ಗಾಯವಿಲ್ಲದಿದ್ದರೂ ವೈದ್ಯಕೀಯ ತಪಾಸಣೆ ಅಗತ್ಯ.

ವಿದ್ಯುತ್ ಕಾಯ್ದೆ, 2003ರ 161ನೇ ಪ್ರಕರಣ ಹಾಗೂ 2005ರ ಅಪಘಾತ ಸೂಚನಾ ನಿಯಮಗಳ ಪ್ರಕಾರ, ಪ್ರಾಣಹಾನಿಯಾದ ಅಪಘಾತವನ್ನು ತಿಳಿದ 24 ಗಂಟೆಗಳೊಳಗೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಿ, 48 ಗಂಟೆಗಳೊಳಗೆ ನಿಗದಿತ ನಮೂನೆಯಲ್ಲಿ ವರದಿ ಸಲ್ಲಿಸತಕ್ಕದ್ದು. ಅಪಘಾತದ ಕಾರಣ ನಿರ್ಧರಿಸುವಲ್ಲಿ ಪರಿವೀಕ್ಷಕರ ವಿಚಾರಣಾ ವರದಿಗೆ ಮಹತ್ವವಿರುವುದರಿಂದ, ಸ್ಥಳ ಪರಿಶೀಲನೆಯಾಗುವವರೆಗೆ ತಂತಿ, ಮೋಟಾರ್ ಮುಂತಾದವುಗಳನ್ನು ಬದಲಾಯಿಸದೆ ಹಾಗೆಯೇ ಇಡುವುದು ಸೂಕ್ತ. ನೀರು ಇಳಿದುಹೋಗುವ ಸಾಧ್ಯತೆ ಇರುವುದರಿಂದ, ಘಟನೆಯ ವೇಳೆ ನೀರು ಎಷ್ಟು ಎತ್ತರಕ್ಕೆ ನಿಂತಿತ್ತು ಎಂಬುದನ್ನು ಛಾಯಾಚಿತ್ರದ ಮೂಲಕ ದಾಖಲಿಸಿಕೊಳ್ಳುವುದು ಕುಟುಂಬದವರಿಗೆ ಸಹಾಯಕವಾಗಬಹುದು.

11. ಉಪಸಂಹಾರ

ನೀರಿನ ವಾಹಕತೆಯನ್ನು ಕಣ್ಣಿನಿಂದ ಅಳೆಯಲಾಗದು. ಬೀದಿಯಲ್ಲಿ ನಿಂತ ನೀರಿನ ಲವಣಾಂಶವನ್ನಾಗಲೀ, ಅದರೊಳಗೆ ಎಲ್ಲಿ ವಿದ್ಯುತ್ ಸೋರುತ್ತಿದೆ ಎಂಬುದನ್ನಾಗಲೀ ದಾರಿಹೋಕರು ತಿಳಿಯಲಾರರು. ಸಮುದ್ರದಿಂದ ಕೊಳವೆಬಾವಿಯವರೆಗೆ ನೀರಿನ ಗುಣ ಹತ್ತಾರರಿಂದ ನೂರಾರು ಪಟ್ಟು ಬದಲಾದರೂ, ಮನುಷ್ಯನಿಗೆ ಅಪಾಯ ತರುವ 30 ಮಿಲಿ ಆಂಪಿಯರ್ ಎಂಬ ಮಿತಿ ಬದಲಾಗುವುದಿಲ್ಲ. ಆದುದರಿಂದ ಸುರಕ್ಷತೆಯನ್ನು ನೀರಿನ ಶುದ್ಧತೆಯಲ್ಲಿ ಹುಡುಕದೆ ಭೂಸಂಪರ್ಕ, ಸೋರಿಕೆ ಕಡಿತ ಸಾಧನ ಮತ್ತು ಅಪಾಯದಿಂದ ದೂರವಿರುವ ಎಚ್ಚರ, ಈ ಮೂರರಲ್ಲಿ ಕಂಡುಕೊಳ್ಳಬೇಕು. ಇವುಗಳಲ್ಲಿ ಮೊದಲ ಎರಡನ್ನು ವಿದ್ಯುತ್ ಸಂಪರ್ಕ ಪಡೆಯುವ ದಿನವೇ ಒದಗಿಸಿಕೊಳ್ಳಲು ಪ್ರತಿಯೊಬ್ಬ ಅರ್ಜಿದಾರರಿಗೂ ಅವಕಾಶವಿದೆ.

ವಾಲಿದ ಕಂಬ, ತೆರೆದ ಪೆಟ್ಟಿಗೆ, ಜೋತುಬಿದ್ದ ತಂತಿ ಅಥವಾ ಮುಟ್ಟಿದಾಗ ಜುಮ್ಮೆನ್ನುವ ಲೋಹದ ವಸ್ತು ಕಂಡುಬಂದಲ್ಲಿ ವಿದ್ಯುತ್ ಸರಬರಾಜು ಕಂಪನಿಗಳ ಸಹಾಯವಾಣಿ 1912ಕ್ಕೆ ತಿಳಿಸಿ, ದೂರಿನ ಸಂಖ್ಯೆಯನ್ನು ಪಡೆದುಕೊಳ್ಳುವುದು. ಬೀದಿದೀಪದ ಕಂಬಗಳಿಗೆ ಸಂಬಂಧಿಸಿದ ದೂರುಗಳನ್ನು ಆಯಾ ಸ್ಥಳೀಯ ಸಂಸ್ಥೆಗೂ ಸಲ್ಲಿಸುವುದು.